ಮಿದುಳಿನ ಗೆಡ್ಡೆಯೂ ಅದನ್ನು ಕಾಣುವ ಯಂತ್ರಗಳೂ

ನಮ್ಮ ದೇಹದ ಅವಯವಗಳಲ್ಲಿ ಮಿದುಳಿನಷ್ಟು ಭದ್ರವಾದ ಕೋಟೆಯೊಳಗೆ ನೆಲಸಿರುವುದು ಮತ್ತೊಂದಿಲ್ಲ. ಹೊಟ್ಟೆಯಲ್ಲಿ ಗಂಟೆದ್ದರೆ ವೈದ್ಯನು ಕೈಯಿಂದ ಒತ್ತಿ ನೋಡಬಲ್ಲನು; ಎದೆಯ ದೋಷವನ್ನು ಕಿವಿಗೊಟ್ಟು ಕೇಳಬಲ್ಲನು. ಮಿದುಳಿಗಾದರೋ ಸುತ್ತಲೂ ಎಲುಬಿನ ಗೋಡೆ. ಬೆಳೆದ ಮನುಷ್ಯನ ತಲೆಬುರುಡೆಯೊಳಗಿರುವ ಸ್ಥಳ ಸುಮಾರು ಒಂದೂವರೆ ಲೀಟರು ಮಾತ್ರ. ಆ ಗೋಡೆ ಹಿಗ್ಗುವಂಥದಲ್ಲ. ಆದುದರಿಂದ ಅದರೊಳಗೆ ಹೊಸದಾಗಿ ಏನು ಬೆಳೆದರೂ, ಅದು ಕ್ಯಾನ್ಸರಲ್ಲದ ಸಾಧುಸ್ವಭಾವದ ಗೆಡ್ಡೆಯೇ ಆಗಿದ್ದರೂ, ನೆರೆಯ ಭಾಗವನ್ನು ಒತ್ತದೆ ಹೆಚ್ಚು ಕಾಲ ಬೆಳೆಯಲಾರದು. ಹಿಂದೆಂದೂ ಇಲ್ಲದ ತಲೆನೋವು ಬೆಳಗಿನ ಹೊತ್ತು ವಾಂತಿಯೊಡನೆ ಬರುವುದು, ನಡುವಯಸ್ಸಿನಲ್ಲಿ ಮೊದಲ ಬಾರಿಗೆ ಫಿಟ್ಸ್ ಕಾಣಿಸಿಕೊಳ್ಳುವುದು, ಒಂದು ಕೈಯೋ ಕಾಲೋ ದಿನದಿಂದ ದಿನಕ್ಕೆ ಬಲಗುಂದುವುದು, ಮಾತು ತಡವರಿಸುವುದು, ಒಂದು ಮಗ್ಗುಲ ನೋಟ ಮಸುಕಾಗುವುದು, ಇವೆಲ್ಲ ಅದರ ಕುರುಹುಗಳಾಗಿರಬಹುದು. ಆಗಿರಬಹುದು ಎಂದೆನೇ ಹೊರತು ಆಗಿಯೇ ತೀರಬೇಕೆಂದಲ್ಲ. ತಲೆನೋವುಗಳಲ್ಲಿ ಬಹುಪಾಲಿಗೆ ಗೆಡ್ಡೆ ಕಾರಣವಲ್ಲ.

ಇಂಥ ಕುರುಹು ಕಂಡಾಗ ಕಾಪುವಿನಲ್ಲಿಯೋ ಕಾರ್ಕಳದಲ್ಲಿಯೋ ಇರುವ ವೈದ್ಯರು ‘ತಲೆಯ ಸ್ಕ್ಯಾನ್ ಮಾಡಿಸಿ’ ಎಂದು ಚೀಟಿ ಬರೆದುಕೊಡುತ್ತಾರೆ. ರೋಗಿಯೂ ಮನೆಯವರೂ ಉಡುಪಿಗೋ ಮಣಿಪಾಲಕ್ಕೋ ಹೊರಡುತ್ತಾರೆ. ಈ ವಿಷಯದಲ್ಲಿ ನಮ್ಮ ಜಿಲ್ಲೆ ಭಾಗ್ಯಶಾಲಿಯೆನ್ನಬೇಕು. ೧೯೫೩ರಲ್ಲಿ ಡಾ. ಟಿ. ಎಂ. ಎ. ಪೈಯವರು ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು; ೧೯೬೧ರಲ್ಲಿ ಅದರ ಆಸ್ಪತ್ರೆ ತೆರೆಯಿತು. ಕಾರ್ಕಳದಿಂದ ಅಲ್ಲಿಗೆ ಸುಮಾರು ಒಂದು ಗಂಟೆಯ ದಾರಿ, ಕಾಪುವಿನಿಂದ ಅದಕ್ಕಿಂತಲೂ ಕಡಿಮೆ. ದಾರಿಯುದ್ದಕ್ಕೂ ಮನೆಯವರನ್ನು ಕಾಡುವ ಪ್ರಶ್ನೆ ಒಂದೇ: ಸಿ.ಟಿ.ಯೋ, ಎಂ.ಆರ್.ಐ.ಯೋ, ಪೆಟ್ ಪರೀಕ್ಷೆಯೋ? ‘ಸಣ್ಣ ಸ್ಕ್ಯಾನ್’, ‘ದೊಡ್ಡ ಸ್ಕ್ಯಾನ್’ ಎಂಬ ಮಾತೂ ಜನರ ಬಾಯಲ್ಲಿದೆ; ಹಣ ಹೆಚ್ಚು ತೆತ್ತಷ್ಟೂ ಕಾಣುವುದು ಹೆಚ್ಚು ಎಂಬ ನಂಬಿಕೆ ಅದರ ಹಿಂದಿದೆ. ಭೌತವಿಜ್ಞಾನದ ದೃಷ್ಟಿಯಿಂದ ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಮೂರು ಯಂತ್ರಗಳೂ ದೇಹಕ್ಕೆ ಬೇರೆ ಬೇರೆಯ ಪ್ರಶ್ನೆಗಳನ್ನು ಹಾಕುತ್ತವೆ. ಮೊದಲನೆಯದು ಕೇಳುವುದು, ಇಲ್ಲಿರುವ ಪದಾರ್ಥ ಎಷ್ಟು ಸಾಂದ್ರವಾಗಿದೆ ಎಂದು. ಎರಡನೆಯದು, ಇಲ್ಲಿರುವ ನೀರು ಯಾವ ಸ್ಥಿತಿಯಲ್ಲಿದೆ ಎಂದು. ಮೂರನೆಯದು, ಇಲ್ಲಿಯ ಜೀವಕೋಶಗಳು ಏನನ್ನು ಎಷ್ಟು ಉಣ್ಣುತ್ತಿವೆ ಎಂದು. ವೈದ್ಯರ ಸಂಶಯ ಯಾವುದೋ ಅದಕ್ಕೆ ತಕ್ಕ ಪ್ರಶ್ನೆಯನ್ನು ಆರಿಸಬೇಕು. ಇಲ್ಲವಾದರೆ ಬಂದ ಉತ್ತರ ನಿಜವೇ ಆಗಿದ್ದರೂ ದಾರಿ ತಪ್ಪಿಸೀತು.

೧೮೯೫ರ ನವೆಂಬರ್ ೮ರಂದು ರಾಂಟ್‌ಗೆನ್ನನು ಕ್ಷಕಿರಣಗಳನ್ನು ಕಂಡುಹಿಡಿದ ಮೇಲೂ ಮುಕ್ಕಾಲು ಶತಮಾನ ಕಾಲ ಮಿದುಳು ವೈದ್ಯರ ಕಣ್ಣಿಗೆ ನೇರವಾಗಿ ಬೀಳಲಿಲ್ಲ. ಸಾಮಾನ್ಯ ಕ್ಷಕಿರಣಚಿತ್ರವೆಂದರೆ ನೆರಳು; ಎಲುಬಿನ ದಟ್ಟ ನೆರಳಿನಲ್ಲಿ ಮೆತ್ತನೆಯ ಮಿದುಳಿನ ತೆಳುನೆರಳು ಕರಗಿಹೋಗುತ್ತದೆ. ೧೯೧೮ರಲ್ಲಿ ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ ಮಿದುಳಿನೊಳಗಿನ ಕುಹರಗಳಿಗೆ ಗಾಳಿ ತುಂಬಿ ಚಿತ್ರ ತೆಗೆಯುವ ವಿಧಾನವನ್ನು ಪ್ರಕಟಿಸಿದನು. ೧೯೨೭ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೋನಿಜ್ ಎಂಬವನು ಕ್ಷಕಿರಣವನ್ನು ತಡೆಯುವ ದ್ರವವನ್ನು ಕತ್ತಿನ ಧಮನಿಗೆ ಚುಚ್ಚಿ ಮಿದುಳಿನ ರಕ್ತನಾಳಗಳನ್ನು ಚಿತ್ರಿಸಿದನು. ಎರಡರಲ್ಲಿಯೂ ಬಹುಮಟ್ಟಿಗೆ ಗೆಡ್ಡೆ ಕಾಣುತ್ತಿರಲಿಲ್ಲ. ಕುಹರವೋ ನಾಳವೋ ಪಕ್ಕಕ್ಕೆ ಸರಿದಿರುವುದನ್ನು ಕಂಡು, ಅದನ್ನು ತಳ್ಳಿದ್ದು ಇಂಥಲ್ಲಿ ಇರಬೇಕೆಂದು ಊಹಿಸಬೇಕಾಗಿತ್ತು. ಗಾಳಿ ತುಂಬಿಸಿಕೊಂಡ ರೋಗಿಯ ಯಾತನೆಯನ್ನಂತೂ ಹೇಳಿ ತೀರದು.

ಈ ಕಷ್ಟವನ್ನು ನೀಗಿಸಿದ ಉಪಾಯವನ್ನು ತಿಳಿಯಬೇಕಾದರೆ ಕಾರ್ಕಳದ ಚತುರ್ಮುಖ ಬಸದಿಯನ್ನು ನೆನೆಯೋಣ. ೧೫೮೬ರಲ್ಲಿ ಕಟ್ಟಿದ ಈ ಬಸದಿಗೆ ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲು, ಸುತ್ತಲೂ ಕಲ್ಲಿನ ಕಂಬಗಳ ಸಾಲು. ಒಂದು ಮುಖದ ಎದುರು ನಿಂತವನಿಗೆ ಮುಂದಿನ ಕಂಬ ಹಿಂದಿನ ಕಂಬವನ್ನು ಮರೆಸುತ್ತದೆ. ಎಷ್ಟು ಕಂಬಗಳಿವೆ, ಯಾವುದು ಎಲ್ಲಿದೆ ಎಂಬುದು ತಿಳಿಯದು. ಕೆಲವು ಹೆಜ್ಜೆ ಪಕ್ಕಕ್ಕೆ ಸರಿದರೆ ಮರೆಯಾಗಿದ್ದ ಕಂಬ ಇಣುಕುತ್ತದೆ, ಬೇರೊಂದು ಅಡಗುತ್ತದೆ. ಹೀಗೆ ಪೂರ್ತಿ ಪ್ರದಕ್ಷಿಣೆ ಬಂದು ಹೆಜ್ಜೆಹೆಜ್ಜೆಗೂ ಕಂಡುದನ್ನು ಬರೆದಿಟ್ಟುಕೊಂಡರೆ, ಒಳಗೆ ಕಾಲಿಡದೆಯೇ ಪ್ರತಿಯೊಂದು ಕಂಬದ ಸ್ಥಾನವನ್ನೂ ಕಾಗದದ ಮೇಲೆ ಗುರುತಿಸಬಹುದು. ತಲೆಯ ಸುತ್ತ ಕ್ಷಕಿರಣವನ್ನು ಹೀಗೆ ಪ್ರದಕ್ಷಿಣೆ ಮಾಡಿಸಿ, ಬಂದ ನೆರಳುಗಳಿಂದ ಒಳಗಿನ ನಕ್ಷೆಯನ್ನು ಲೆಕ್ಕಹಾಕಿ ತೆಗೆಯುವುದೇ ಸಿ.ಟಿ. ಸ್ಕ್ಯಾನು.

ಇದರ ಗಣಿತವನ್ನು ೧೯೬೩ ಮತ್ತು ೧೯೬೪ರಲ್ಲಿ ಪ್ರಕಟಿಸಿದ ಅಲನ್ ಕಾರ್ಮಾಕ್ ಮೊದಲು ದಕ್ಷಿಣ ಆಫ್ರಿಕದ ಕೇಪ್‌ಟೌನ್ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಉಪನ್ಯಾಸಕನಾಗಿದ್ದವನು. ೧೯೫೬ರಲ್ಲಿ ಊರಿನ ಆಸ್ಪತ್ರೆಗೆ ವಿಕಿರಣದ ಮೇಲ್ವಿಚಾರಣೆಗಾಗಿ ಭೌತವಿಜ್ಞಾನಿಯೊಬ್ಬ ಬೇಕಾಗಿ, ಅವನು ಕೆಲವು ಕಾಲ ಅಲ್ಲಿ ದುಡಿದಾಗ ಈ ಪ್ರಶ್ನೆ ಅವನ ತಲೆ ಹೊಕ್ಕಿತು. ಕಾಲೇಜಿನಲ್ಲಿ ಪಾಠ ಹೇಳಿಕೊಂಡಿರುವವರಿಗೆ ಇದೊಂದು ಸಮಾಧಾನದ ಸಂಗತಿ. ಯಂತ್ರವನ್ನು ಕಟ್ಟಿದವನು ಇಂಗ್ಲೆಂಡಿನ ಗಾಡ್‌ಫ್ರಿ ಹೌನ್ಸ್‌ಫೀಲ್ಡ್. ಅವನಿಗೆ ಕೆಲಸ ಕೊಟ್ಟಿದ್ದುದು ಗ್ರಾಮಫೋನ್ ತಟ್ಟೆಗಳಿಂದ ಹೆಸರಾಗಿದ್ದ ಇ.ಎಂ.ಐ. ಸಂಸ್ಥೆ. ೧೯೭೧ರ ಅಕ್ಟೋಬರ್ ೧ರಂದು ಲಂಡನ್ನಿನ ಅಟ್ಕಿನ್‌ಸನ್ ಮಾರ್ಲೀ ಆಸ್ಪತ್ರೆಯಲ್ಲಿ, ಮಿದುಳಿನ ಮುಂಭಾಗದಲ್ಲಿ ಗೆಡ್ಡೆಯಿದೆಯೆಂಬ ಸಂಶಯವಿದ್ದ ಸ್ತ್ರೀಯೊಬ್ಬಳ ತಲೆಯನ್ನು ಇದರಲ್ಲಿಟ್ಟು ಚಿತ್ರ ತೆಗೆದರು. ೧೮೦ ಕೋನಗಳಿಂದ, ಕೋನವೊಂದಕ್ಕೆ ೧೬೦ರಂತೆ, ಒಟ್ಟು ೨೮,೮೦೦ ಅಳತೆಗಳು. ಅವುಗಳಿಂದ ೬,೪೦೦ ಪುಟ್ಟ ಚೌಕಗಳ ಒಂದು ಚಿತ್ರ. ಗೆಡ್ಡೆ ಅದರಲ್ಲಿ ಕಂಡಿತು. ಶಸ್ತ್ರಕ್ರಿಯೆಯಲ್ಲಿಯೂ ಅದು ಅಲ್ಲಿಯೇ ಸಿಕ್ಕಿತು. ಇಬ್ಬರಿಗೂ ೧೯೭೯ರ ನೊಬೆಲ್ ಪಾರಿತೋಷಕ ಬಂದಿತು.

ಅದೇ ೧೯೭೧ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಎನ್. ರಾಮಚಂದ್ರನ್ ಅವರೂ ಎ. ವಿ. ಲಕ್ಷ್ಮೀನಾರಾಯಣನ್ ಅವರೂ ಒಂದು ಲೇಖನವನ್ನು ಪ್ರಕಟಿಸಿದರು. ನೆರಳುಗಳನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಹರಡಿ ಒಂದರ ಮೇಲೊಂದು ಕೂಡಿಸಿದರೆ ಚಿತ್ರವೇನೋ ಬರುತ್ತದೆ; ಆದರೆ ಒದ್ದೆ ಕಾಗದದ ಮೇಲೆ ಮಸಿ ಚೆಲ್ಲಿದಂತೆ ಪ್ರತಿಯೊಂದು ಬಿಂದುವಿನ ಸುತ್ತಲೂ ಮಬ್ಬು ಹರಡಿರುತ್ತದೆ. ಕೂಡಿಸುವುದಕ್ಕೆ ಮೊದಲೇ ಪ್ರತಿಯೊಂದು ನೆರಳಿಗೂ ಒಂದು ಸರಳವಾದ ತಿದ್ದುಪಡಿಯ ಲೆಕ್ಕವನ್ನು ಮಾಡಿಬಿಟ್ಟರೆ ಆ ಮಬ್ಬು ಅಳಿಸಿಹೋಗುವುದೆಂದೂ, ಅದಕ್ಕೆ ಗಣಕಯಂತ್ರವು ಹಿಂದಿನಷ್ಟು ಹೊತ್ತು ದುಡಿಯಬೇಕಾಗಿಲ್ಲವೆಂದೂ ಅವರು ತೋರಿಸಿದರು. ಇಬ್ಬರ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ‘ರಾಮ್-ಲಾಕ್’ ಎಂದು ಲೋಕದಾದ್ಯಂತ ಕರೆಯುವ ಈ ತಿದ್ದುಪಡಿ ದಶಕಗಳ ಕಾಲ ಸಿ.ಟಿ. ಗಣಿತದ ಅಡಿಗಲ್ಲುಗಳಲ್ಲಿ ಒಂದಾಗಿತ್ತು. ಪ್ರೋಟೀನುಗಳ ರಚನೆಯ ವಿಷಯದಲ್ಲಿ ರಾಮಚಂದ್ರನ್ನರ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಕೇಳಿರುತ್ತಾರೆ. ತಲೆಯ ಸ್ಕ್ಯಾನಿನಲ್ಲಿಯೂ ಅವರ ಕೈವಾಡವಿದೆಯೆಂಬುದನ್ನು ಹೇಳುವವರು ಕಡಿಮೆ.

ಸಿ.ಟಿ. ಚಿತ್ರದ ಪ್ರತಿಯೊಂದು ಬಿಂದುವಿನ ಹಿಂದೆಯೂ ಒಂದು ಸಂಖ್ಯೆಯಿದೆ. ನೀರಿಗೆ ಸೊನ್ನೆ, ಗಾಳಿಗೆ ಋಣ ೧,೦೦೦, ಗಟ್ಟಿ ಎಲುಬಿಗೆ ಧನ ೧,೦೦೦ದ ಆಸುಪಾಸು. ಮಿದುಳಿನ ಬೂದುವಸ್ತುವಿಗೆ ಸುಮಾರು ೪೦, ಬಿಳಿವಸ್ತುವಿಗೆ ಸುಮಾರು ೩೦, ಹೊಸದಾಗಿ ಹೆಪ್ಪುಗಟ್ಟಿದ ರಕ್ತಕ್ಕೆ ೬೦ರಿಂದ ೮೦. ಈ ಸಂಖ್ಯೆಗಳನ್ನು ನೋಡಿದೊಡನೆ ಯಂತ್ರದ ಬಲವೂ ದೌರ್ಬಲ್ಯವೂ ಗೊತ್ತಾಗುತ್ತವೆ. ರಕ್ತ ಸುರಿದಿದ್ದರೆ ಅದು ಬೆಳ್ಳಗೆ ಎದ್ದು ಕಾಣುತ್ತದೆ. ಕುಹರಗಳಲ್ಲಿ ದ್ರವ ಕಟ್ಟಿಕೊಂಡು ಹಿಗ್ಗಿದ್ದರೆ ಕಪ್ಪಗೆ ಕಾಣುತ್ತದೆ. ಗೆಡ್ಡೆಯಲ್ಲಿ ಸುಣ್ಣ ಕಟ್ಟಿದ್ದರೆ, ಎಲುಬು ಸವೆದಿದ್ದರೆ ಅಥವಾ ದಪ್ಪಗಾಗಿದ್ದರೆ, ಅದನ್ನು ತೋರಿಸುವುದರಲ್ಲಿ ಇದಕ್ಕೆ ಸಮನಾದುದಿಲ್ಲ. ಚಿತ್ರ ತೆಗೆಯುವುದಕ್ಕೆ ಕೆಲವು ಸೆಕೆಂಡು ಸಾಕು. ಆದುದರಿಂದ ಪ್ರಜ್ಞೆ ತಪ್ಪುತ್ತಿರುವವನನ್ನು, ಫಿಟ್ಸ್ ನಿಲ್ಲದವನನ್ನು, ಹಠಾತ್ತಾಗಿ ಪಾರ್ಶ್ವವಾಯು ಹೊಡೆದವನನ್ನು ಕರೆತಂದಾಗ ವೈದ್ಯರು ಮೊದಲು ಸಿ.ಟಿ.ಗೆ ಕಳುಹಿಸುವುದು ಸರಿಯಾದ ಕ್ರಮ. ಈ ಗಳಿಗೆಯಲ್ಲಿ ಪ್ರಾಣಕ್ಕೆ ಸಂಚಕಾರ ತರುವಂಥದು ಒಳಗೆ ಏನಾದರೂ ಇದೆಯೇ ಎಂಬುದು ಆಗಿನ ಪ್ರಶ್ನೆ. ಅಂಥ ಹೊತ್ತಿನಲ್ಲಿ ‘ದೊಡ್ಡ ಸ್ಕ್ಯಾನೇ ಮಾಡಿ’ ಎಂದು ಮನೆಯವರು ಹಟ ಹಿಡಿದರೆ ರೋಗಿಗೆ ಕೇಡು.

ಆದರೆ ಬೂದುವಸ್ತುವಿಗೂ ಬಿಳಿವಸ್ತುವಿಗೂ ಇರುವ ಅಂತರ ೧೦ ಅಂಕ, ಎಂದರೆ ನೀರಿನ ತಡೆಯುವ ಶಕ್ತಿಯ ನೂರರಲ್ಲಿ ಒಂದು ಪಾಲು. ಗೆಡ್ಡೆಯ ಸಂಖ್ಯೆ ಸುತ್ತಣ ಮಿದುಳಿನದಕ್ಕಿಂತ ಎರಡು ಮೂರು ಅಂಕ ಮಾತ್ರ ಬೇರೆಯಾಗಿದ್ದರೆ ಅದು ಕಣ್ಣುತಪ್ಪಿಸಿಕೊಳ್ಳುತ್ತದೆ. ಕಿವಿಯ ಒಳಭಾಗವನ್ನು ಸುತ್ತುವರಿದ ಎಲುಬು ಅತ್ಯಂತ ಗಟ್ಟಿಯಾದುದು. ಎರಡು ಕಿವಿಗಳ ನಡುವೆ, ತಲೆಯ ಹಿಂದುಗಡೆ ತಳಭಾಗದಲ್ಲಿರುವ ಕಿರುಮಿದುಳಿನ ಮೇಲೆ ಆ ಎಲುಬಿನಿಂದಾಗಿ ಬರೆಬರೆಯಾದ ಸುಳ್ಳುನೆರಳುಗಳು ಬೀಳುತ್ತವೆ. ಮಕ್ಕಳಲ್ಲಿ ಮಿದುಳಿನ ಗೆಡ್ಡೆಗಳು ಅನೇಕ ವೇಳೆ ಹುಟ್ಟುವುದು ಈ ಭಾಗದಲ್ಲಿಯೇ ಎಂಬುದನ್ನು ಮರೆಯಬಾರದು. ಕಾಂಟ್ರಾಸ್ಟ್ ಮದ್ದಿಲ್ಲದೆ ತೆಗೆದ ಸಿ.ಟಿ.ಯಲ್ಲಿ ಏನೂ ಕಾಣಲಿಲ್ಲವೆಂಬ ವರದಿಯನ್ನು ಹಿಡಿದು, ‘ದೇವರು ದೊಡ್ಡವನು, ಗೆಡ್ಡೆಯಿಲ್ಲವಂತೆ’ ಎಂದು ಊರಿಗೆ ಮರಳುವವರುಂಟು. ಕುರುಹುಗಳು ಹಾಗೆಯೇ ಮುಂದುವರಿಯುತ್ತಿದ್ದರೆ ಆ ವರದಿ ಅಂತಿಮವಲ್ಲ. ಸಾಂದ್ರತೆಯ ಪ್ರಶ್ನೆಗೆ ಉತ್ತರ ಬಂದಿದೆ. ಗೆಡ್ಡೆಯ ಪ್ರಶ್ನೆ ಇನ್ನೂ ಬಾಕಿಯಿದೆ. ತಲೆಯ ಒಂದು ಸಿ.ಟಿ.ಯಿಂದ ತಗಲುವ ವಿಕಿರಣ ಸುಮಾರು ೨ ಮಿಲಿಸೀವರ್ಟ್. ನೆಲ, ಗಾಳಿ, ಆಕಾಶಗಳಿಂದ ಮನುಷ್ಯನಿಗೆ ವರ್ಷವೊಂದಕ್ಕೆ ತಗಲುವ ಸರಾಸರಿ ೨.೪. ಅಗತ್ಯವಿದ್ದಾಗ ಇದಕ್ಕೆ ಹೆದರಬೇಕಾಗಿಲ್ಲ. ಮಕ್ಕಳಿಗೆ ಮಾತ್ರ ಪದೇಪದೇ ಮಾಡಿಸುವ ಮೊದಲು ಯೋಚಿಸಬೇಕು.

ಎಂ.ಆರ್.ಐ. ಯಂತ್ರದಲ್ಲಿ ಕ್ಷಕಿರಣವೇ ಇಲ್ಲ. ಅದು ಮಾತನಾಡಿಸುವುದು ಮುಖ್ಯವಾಗಿ ನೀರಿನಲ್ಲಿರುವ ಜಲಜನಕದ ಬೀಜಗಳನ್ನು, ಎಂದರೆ ಪ್ರೋಟಾನುಗಳನ್ನು. ಪ್ರತಿಯೊಂದು ಪ್ರೋಟಾನೂ ಅತಿಸೂಕ್ಷ್ಮವಾದ ಒಂದು ಅಯಸ್ಕಾಂತ. ನೆಲದ ಮೇಲೆ ಆಡಿಸಿದ ಬುಗುರಿ ವೇಗ ಕುಂದಿದಾಗ ತಲೆದೂಗುತ್ತ ಸುತ್ತುವುದನ್ನು ಎಲ್ಲರೂ ಕಂಡಿದ್ದೇವೆ. ಬಲವಾದ ಕಾಂತಕ್ಷೇತ್ರದಲ್ಲಿ ಪ್ರೋಟಾನು ಹಾಗೆಯೇ ತೂಗುತ್ತದೆ. ಕ್ಷೇತ್ರದ ಬಲ ೧ ಟೆಸ್ಲಾ ಆದರೆ ಸೆಕೆಂಡಿಗೆ ಸುಮಾರು ೪.೨೬ ಕೋಟಿ ಸಲ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ ಯಂತ್ರಗಳು ೧.೫ ಅಥವಾ ೩ ಟೆಸ್ಲಾದವು. ಭೂಮಿಯ ಕಾಂತಕ್ಷೇತ್ರಕ್ಕಿಂತ ಹತ್ತಾರು ಸಾವಿರ ಪಟ್ಟು ಪ್ರಬಲ. ಅಲ್ಲಿ ತೂಗಾಟದ ಸಂಖ್ಯೆ ಸೆಕೆಂಡಿಗೆ ಸುಮಾರು ೬.೪ ಕೋಟಿ, ಇಲ್ಲವೆ ೧೨.೮ ಕೋಟಿ. ನಾವು ಎಫ್.ಎಂ. ಆಕಾಶವಾಣಿಯನ್ನು ಕೇಳುವ ತರಂಗಗಳು ಈ ಎರಡರ ನಡುವೆ ಬರುತ್ತವೆಯಾದುದರಿಂದ, ಹೊರಗಿನ ಗದ್ದಲ ಒಳಗೆ ಬಾರದಂತೆ ಆ ಕೋಣೆಯ ಗೋಡೆಗಳಿಗೆಲ್ಲ ಲೋಹದ ಹಾಳೆಯನ್ನು ಹೊದಿಸಿರುತ್ತಾರೆ. ತೂಗಾಟಕ್ಕೆ ಸರಿಹೊಂದುವ ರೇಡಿಯೋ ತರಂಗವನ್ನು ಕೊಟ್ಟರೆ ಪ್ರೋಟಾನುಗಳು ವಾಲುತ್ತವೆ. ತರಂಗ ನಿಂತೊಡನೆ ತಮ್ಮ ಮೊದಲಿನ ನೆಲೆಗೆ ಮರಳುತ್ತ, ತಾವೇ ಕ್ಷೀಣವಾದ ರೇಡಿಯೋ ಸಂಕೇತವನ್ನು ಹೊರಡಿಸುತ್ತವೆ.

ಮುಖ್ಯವಾದುದು ಈ ಮರಳುವ ಕಾಲ. ಮಿದುಳಿನ ಕುಹರಗಳಲ್ಲಿ ಸ್ವೇಚ್ಛೆಯಾಗಿರುವ ನೀರಿಗೆ ಕೆಲವು ಸೆಕೆಂಡುಗಳೇ ಬೇಕು; ಬಿಳಿವಸ್ತುವಿನಲ್ಲಿ ಕೊಬ್ಬಿನ ಪದರಗಳ ನಡುವೆ ಸಿಕ್ಕಿಬಿದ್ದ ನೀರಿಗೆ ಒಂದು ಸೆಕೆಂಡಿಗಿಂತಲೂ ಕಡಿಮೆ. ಸಿ.ಟಿ.ಯಲ್ಲಿ ನೂರರಲ್ಲಿ ಒಂದು ಪಾಲಿನ ವ್ಯತ್ಯಾಸವನ್ನು ಹುಡುಕಬೇಕಾಗಿತ್ತು. ಇಲ್ಲಿ ವ್ಯತ್ಯಾಸ ಹಲವು ಪಟ್ಟಿನದು! ಎಂ.ಆರ್.ಐ.ಯ ಮೇಲ್ಮೆಯೆಲ್ಲ ಅಡಗಿರುವುದು ಇದರಲ್ಲಿಯೇ. ೧೯೪೬ರಲ್ಲಿ ಬ್ಲಾಕ್ ಮತ್ತು ಪರ್ಸೆಲ್ ಈ ವಿದ್ಯಮಾನವನ್ನು ಕಂಡರು. ೧೯೭೧ರಲ್ಲಿ ರೇಮಂಡ್ ಡಮಾಡಿಯನ್ ಎಂಬ ವೈದ್ಯನು ಇಲಿಗಳ ಗೆಡ್ಡೆಗಳಲ್ಲಿ ಈ ಕಾಲ ಹೆಚ್ಚಾಗಿರುವುದನ್ನು ಅಳೆದನು. ೧೯೭೩ರಲ್ಲಿ ಪಾಲ್ ಲಾಟರ್‌ಬರ್ ಇದರಿಂದ ಚಿತ್ರ ಬರೆಯುವ ದಾರಿಯನ್ನು ತೋರಿಸಿದನು. ಗೆಡ್ಡೆಯಲ್ಲಿಯೂ ಅದರ ಸುತ್ತಣ ಬಾವಿನಲ್ಲಿಯೂ ನೀರು ಹೆಚ್ಚು, ಬಂಧನ ಕಡಿಮೆ. ಆದುದರಿಂದ ಕಿರುಮಿದುಳಿನ ಮೂಲೆಯಲ್ಲಿ ಅಡಗಿದ್ದರೂ, ಪಿಟ್ಯುಟರಿ ಗ್ರಂಥಿಯಲ್ಲಿ ಕೆಲವೇ ಮಿಲಿಮೀಟರಿನಷ್ಟಿದ್ದರೂ, ಅದು ಇಲ್ಲಿ ಸಿಕ್ಕಿಬೀಳುವ ಸಂಭವ ಹೆಚ್ಚು. ಗೆಡ್ಡೆಯ ಸಂಶಯ ಬಲವಾಗಿದ್ದು ರೋಗಿ ನೆಮ್ಮದಿಯಾಗಿ ಮಲಗಬಲ್ಲವನಾಗಿದ್ದರೆ ಎಂ.ಆರ್.ಐ.ಯೇ ತಕ್ಕ ಪರೀಕ್ಷೆಯೆಂಬುದರಲ್ಲಿ ಇಂದು ವೈದ್ಯರಿಗೆ ಭಿನ್ನಾಭಿಪ್ರಾಯವಿಲ್ಲ.

ಅದೂ ಕಾಂಟ್ರಾಸ್ಟ್ ಸಹಿತವಾಗಿ. ಜನರು ‘ಡೈ’ ಎನ್ನುವ ಈ ಮದ್ದಿನಲ್ಲಿರುವುದು ಗ್ಯಾಡೊಲಿನಿಯಂ ಎಂಬ ಧಾತು. ಅದರ ಬಳಿ ಸುಳಿದ ಪ್ರೋಟಾನುಗಳು ಬೇಗನೆ ತಮ್ಮ ನೆಲೆಗೆ ಮರಳಿ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತವೆ. ಮಿದುಳಿನ ರಕ್ತನಾಳಗಳ ಗೋಡೆ ಬಹು ಬಿಗಿಯಾದುದು. ಆರೋಗ್ಯವಂತನಲ್ಲಿ ಈ ಮದ್ದು ನಾಳವನ್ನು ಬಿಟ್ಟು ಮಿದುಳಿಗೆ ಇಳಿಯದು. ವೇಗವಾಗಿ ಬೆಳೆಯುವ ಗೆಡ್ಡೆಯ ಹೊಸ ನಾಳಗಳಾದರೋ ಸೋರುತ್ತವೆ. ಸೋರಿದಲ್ಲಿ ಹೊಳಪು ಕಾಣುತ್ತದೆ. ಆದರೆ ನಿಧಾನವಾಗಿ ಬೆಳೆಯುವ ಕೆಲವು ಗೆಡ್ಡೆಗಳು ಸೋರುವುದೇ ಇಲ್ಲ. ಸೋರುವುದೆಲ್ಲ ಗೆಡ್ಡೆಯೂ ಅಲ್ಲ. ನಮ್ಮ ದೇಶದಲ್ಲಿ ಈ ಎರಡನೆಯ ಮಾತನ್ನು ಒತ್ತಿ ಹೇಳಬೇಕಾಗಿದೆ. ಕ್ಷಯರೋಗದ ಗಂಟು, ಲಾಡಿಹುಳುವಿನ ಮರಿ ಮಿದುಳಿನಲ್ಲಿ ನೆಲಸಿ ಮಾಡಿದ ಗುಳ್ಳೆ, ಕೀವಿನ ಗೂಡು, ಇವೆಲ್ಲವೂ ಕಾಂಟ್ರಾಸ್ಟ್ ಕೊಟ್ಟಾಗ ಉಂಗುರದಂತೆ ಹೊಳೆದು ಗೆಡ್ಡೆಯ ವೇಷ ಹಾಕಬಲ್ಲವು. ಇವುಗಳಲ್ಲಿ ಎಷ್ಟೋ ಮದ್ದಿನಿಂದಲೇ ಗುಣವಾಗುವಂಥವು. ನೀರಿನ ಕಣಗಳು ಎಷ್ಟು ಸರಾಗವಾಗಿ ಓಡಾಡುತ್ತಿವೆ ಎಂಬುದನ್ನು ಅದೇ ಯಂತ್ರ ಬೇರೊಂದು ರೀತಿಯಲ್ಲಿ ಅಳೆಯುತ್ತದೆ: ಮಂದವಾದ ಕೀವಿನಲ್ಲಿ ಅವು ಕದಲಲಾರವು, ಗೆಡ್ಡೆಯ ನಡುವೆ ಸತ್ತು ಕರಗಿದ ಭಾಗದಲ್ಲಿ ಸಾಮಾನ್ಯವಾಗಿ ಸರಾಗವಾಗಿ ಕದಲುತ್ತವೆ. ಆದುದರಿಂದ ‘ಉಂಗುರದಂತಹ ಗಂಟು’ ಎಂದು ವರದಿಯಲ್ಲಿ ಕಂಡೊಡನೆ ಮನೆಯವರು ಕ್ಯಾನ್ಸರೆಂದು ಗೋಳಾಡಬೇಕಾಗಿಲ್ಲ. ಮೂತ್ರಪಿಂಡಗಳು ತೀರ ಕೆಟ್ಟಿರುವವರೂ ಗರ್ಭಿಣಿಯರೂ ಮದ್ದು ಚುಚ್ಚಿಸಿಕೊಳ್ಳುವ ಮೊದಲೇ ಅದನ್ನು ತಿಳಿಸಬೇಕು.

ಇನ್ನೊಂದು ಎಚ್ಚರಿಕೆ ನಮ್ಮ ಕಡೆಯವರಿಗೆ ವಿಶೇಷವಾಗಿ ಸಲ್ಲುವಂಥದು. ಕಾರ್ಕಳದಲ್ಲಿ ಕಲ್ಲು ಕಡೆಯುವ ಶಿಲ್ಪಿಗಳಿದ್ದಾರೆ. ಮಲ್ಪೆಯ ಕಡೆ ದೋಣಿಗಳ ಕಬ್ಬಿಣವನ್ನು ಉಜ್ಜುವವರು, ಬೆಸೆಯುವವರು ಇದ್ದಾರೆ. ಉಳಿಯಿಂದಲೋ ಉಜ್ಜುವ ಚಕ್ರದಿಂದಲೋ ಸಿಡಿದ ಕಬ್ಬಿಣದ ಚೂರು ಎಂದೋ ಕಣ್ಣಿನೊಳಗೆ ಹೊಕ್ಕು ಅಲ್ಲಿಯೇ ಉಳಿದಿದ್ದರೆ, ಎಂ.ಆರ್.ಐ. ಯಂತ್ರದ ಅಯಸ್ಕಾಂತ ಅದನ್ನು ಸೆಳೆದು ಕಣ್ಣನ್ನೇ ಕಳೆಯಬಹುದು. ಇಂಥವರಿಗೆ ಮೊದಲು ಕಣ್ಣಿನ ಗೂಡಿನ ಸಾಮಾನ್ಯ ಕ್ಷಕಿರಣಚಿತ್ರವನ್ನು ತೆಗೆಯುವ ಪದ್ಧತಿಯಿದೆ. ಹೃದಯಕ್ಕೆ ಪೇಸ್‌ಮೇಕರ್ ಕೂರಿಸಿದವರು, ಮಿದುಳಿನ ನಾಳಕ್ಕೆ ಹಿಂದೆ ಲೋಹದ ಕ್ಲಿಪ್ ಹಾಕಿಸಿಕೊಂಡವರು ಅದರ ಕಾಗದಪತ್ರಗಳನ್ನು ತರಬೇಕು. ಇತ್ತೀಚಿನವುಗಳಲ್ಲಿ ಅನೇಕವು ಎಂ.ಆರ್.ಐ.ಗೆ ಹೊಂದುವಂತೆ ಮಾಡಿದವು, ಹಳೆಯವು ಎಲ್ಲವೂ ಹಾಗಲ್ಲ. ಬಾಗಿಲಲ್ಲಿ ಕೇಳುವ ಪ್ರಶ್ನೆಗಳಿಗೆ ‘ಇಲ್ಲ, ಇಲ್ಲ’ ಎಂದು ಅವಸರದಿಂದ ಉತ್ತರಿಸುವುದು ಅಪಾಯಕರ. ಅರ್ಧ ಗಂಟೆಗೂ ಮಿಕ್ಕಿ ಇಕ್ಕಟ್ಟಾದ ಕೊಳವೆಯಲ್ಲಿ ಅಲುಗಾಡದೆ ಮಲಗುವುದು, ಆ ಕಿವಿಗಡಚಿಕ್ಕುವ ಸದ್ದನ್ನು ಸಹಿಸುವುದು ಕೆಲವರಿಗೆ ಆಗದ ಮಾತು. ಸಣ್ಣ ಮಕ್ಕಳಿಗೆ ಮಂಪರು ಬರಿಸಬೇಕಾಗುತ್ತದೆ.

ಮೂರನೆಯದಾದ ಪೆಟ್ ಪರೀಕ್ಷೆ ಕೇಳಲು ಅತ್ಯಾಧುನಿಕವಾದರೂ ಮಿದುಳಿನ ಗೆಡ್ಡೆಯನ್ನು ಮೊದಲು ಪತ್ತೆಮಾಡುವುದಕ್ಕೆ ಅಷ್ಟು ಒದಗುವುದಿಲ್ಲ. ಇದರಲ್ಲಿ ಸಕ್ಕರೆಯಂಥ ಒಂದು ವಸ್ತುವಿಗೆ ವಿಕಿರಣಶೀಲ ಫ್ಲೋರಿನ್-೧೮ನ್ನು ಸೇರಿಸಿ ರಕ್ತಕ್ಕೆ ಚುಚ್ಚುತ್ತಾರೆ. ಫ್ಲೋರಿನ್ ಬೀಜದಿಂದ ಹೊರಟ ಪಾಸಿಟ್ರಾನು ಹತ್ತಿರದ ಎಲೆಕ್ಟ್ರಾನಿನೊಡನೆ ಕೂಡಿ ಎರಡೂ ಇಲ್ಲವಾಗುತ್ತವೆ. ಆಗ ಎದುರುಬದುರಾಗಿ ಓಡುವ ಎರಡು ಗ್ಯಾಮಾ ಕಿರಣಗಳನ್ನು ಹಿಡಿದು ಹುಟ್ಟಿದ ಸ್ಥಳವನ್ನು ಗುರುತಿಸುತ್ತಾರೆ. ಹೊಟ್ಟೆಬಾಕತನದ ಕ್ಯಾನ್ಸರು ಸಕ್ಕರೆಯನ್ನು ಹೆಚ್ಚು ತಿನ್ನುವುದರಿಂದ ಶ್ವಾಸಕೋಶದಲ್ಲಿಯೋ ಯಕೃತ್ತಿನಲ್ಲಿಯೋ ಅದು ಉರಿಯುವ ಕೆಂಡದಂತೆ ಕಂಡೀತು. ಮಿದುಳಾದರೋ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿದ್ದು, ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತನ್ನು ಕಬಳಿಸುವ ಅಂಗ. ಅದರ ಆಹಾರವೇ ಸಕ್ಕರೆ. ಮದುವೆಯ ಊಟದ ಪಂಕ್ತಿಯಲ್ಲಿ ಎಲ್ಲರೂ ಹೊಟ್ಟೆ ತುಂಬ ಉಣ್ಣುತ್ತಿರುವಾಗ ಕಳ್ಳತನದಿಂದ ಬಂದು ಕುಳಿತವನನ್ನು ಗುರುತಿಸುವುದು ಹೇಗೆ? ಇದಕ್ಕಾಗಿ ಸಕ್ಕರೆಯ ಬದಲು ಅಮೈನೊ ಆಮ್ಲಗಳನ್ನು ಬಳಸುವುದುಂಟು. ಆರೋಗ್ಯವಂತ ಮಿದುಳು ಅವನ್ನು ಅಷ್ಟಾಗಿ ಹೀರದು.

ಪೆಟ್ ನಿಜವಾಗಿ ಉಪಯೋಗಕ್ಕೆ ಬರುವುದು ಬೇರೆ ಎರಡು ಪ್ರಶ್ನೆಗಳಿಗೆ. ಮಿದುಳಿನಲ್ಲಿ ಕಂಡ ಗೆಡ್ಡೆ ಬೇರೆಲ್ಲಿಂದಲೋ ಹರಡಿ ಬಂದುದೆಂದು ತೋರಿದಾಗ ಅದರ ಮೂಲ ಎಲ್ಲಿದೆ? ವಿಕಿರಣ ಚಿಕಿತ್ಸೆ ಮುಗಿದ ಕೆಲವು ತಿಂಗಳ ಮೇಲೆ ಎಂ.ಆರ್.ಐ.ಯಲ್ಲಿ ಮತ್ತೆ ಹೊಳೆಯುವ ಭಾಗ ಮರಳಿ ಬಂದ ಗೆಡ್ಡೆಯೋ, ಚಿಕಿತ್ಸೆಯಿಂದಲೇ ಸತ್ತ ಭಾಗವೋ? ಬದುಕಿರುವುದು ಉಣ್ಣುತ್ತದೆ, ಸತ್ತುದು ಉಣ್ಣದು. ಈ ಪರೀಕ್ಷೆಗೆ ಕಾಲದ ಬಿಕ್ಕಟ್ಟೂ ಇದೆ. ಫ್ಲೋರಿನ್-೧೮ರ ಅರ್ಧಾಯುಷ್ಯ ಸುಮಾರು ೧೧೦ ನಿಮಿಷ. ಬೆಂಗಳೂರಿನಲ್ಲಿ ತಯಾರಾದ ಮದ್ದು ಎಂಟು ಗಂಟೆಗಳ ಘಟ್ಟದ ದಾರಿಯಲ್ಲಿ ಕರಾವಳಿಗೆ ಬರಬೇಕಾದರೆ, ತಲುಪುವಾಗ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಉಳಿದಿರುತ್ತದೆ. ಅದಕ್ಕಾಗಿಯೇ ಇಂಥ ಪರೀಕ್ಷೆಯ ದಿನವನ್ನೂ ಗಂಟೆಯನ್ನೂ ಮೊದಲೇ ಗೊತ್ತುಮಾಡುತ್ತಾರೆ. ರೋಗಿ ತಡವಾಗಿ ಬಂದರೆ ಮದ್ದು ಕಾಯುವುದಿಲ್ಲ.

ಯಾವ ಯಂತ್ರವೂ ಗೆಡ್ಡೆಯ ಜಾತಿಯನ್ನು ನಿಸ್ಸಂದೇಹವಾಗಿ ಹೇಳಲಾರದು. ಚಿತ್ರ ಕೊಡುವುದು ಸ್ಥಳವನ್ನೂ ಊಹೆಯನ್ನೂ. ಅನೇಕ ಗೆಡ್ಡೆಗಳಿಗೆ ನಿಜವಾದ ಹೆಸರಿಡಲು ಅದರ ಚೂರೊಂದನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು. ೨೦೨೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ವರ್ಗೀಕರಣದಂತೆ, ಕೆಲವಕ್ಕೆ ಜೀವಕೋಶದ ವಂಶವಾಹಿಗಳನ್ನೂ ಪರೀಕ್ಷಿಸಬೇಕು. ಸ್ಕ್ಯಾನಿನ ಕೋಣೆಯ ಹೊರಗೆ ಕಾಯುತ್ತಿರುವವರು ‘ಕ್ಯಾನ್ಸರೋ ಅಲ್ಲವೋ ಈಗಲೇ ಹೇಳಿ’ ಎಂದು ತಂತ್ರಜ್ಞನನ್ನು ಪೀಡಿಸುವುದು ಸಹಜವಾದರೂ, ಅವನಿಂದ ಬರುವ ಉತ್ತರಕ್ಕೆ ಬೆಲೆಯಿಲ್ಲ. ಮನೆಯವರು ಕೇಳಬೇಕಾದುದು ವೈದ್ಯರನ್ನು: ಈ ಪರೀಕ್ಷೆಯಿಂದ ನೀವು ಏನನ್ನು ತಿಳಿಯಬಯಸುತ್ತೀರಿ, ಏನೂ ಕಾಣದಿದ್ದರೆ ಮುಂದೇನು? ಇಷ್ಟನ್ನು ಕೇಳುವುದರಿಂದ ಯಾವ ವೈದ್ಯರೂ ಸಿಟ್ಟಾಗಬಾರದು.

ಚಿತ್ರಗಳನ್ನು ಜೋಪಾನವಾಗಿಡುವುದೂ ಅಷ್ಟೇ ಮುಖ್ಯ. ವರದಿಯ ಕಾಗದವೊಂದೇ ಸಾಲದು, ಫಿಲ್ಮನ್ನೂ ಸಿ.ಡಿ.ಯನ್ನೂ ಕೇಳಿ ಪಡೆಯಬೇಕು, ಪ್ರತಿಸಲವೂ ಒಯ್ಯಬೇಕು. ಕೆಲವು ಗೆಡ್ಡೆಗಳನ್ನು ವೈದ್ಯರು ಕೂಡಲೆ ಮುಟ್ಟದೆ, ತಿಂಗಳುಗಳ ಅಂತರದಲ್ಲಿ ಮತ್ತೆ ಮತ್ತೆ ಚಿತ್ರ ತೆಗೆದು ಕಾಯುತ್ತಾರೆ. ಆಗ ಅವರು ನೋಡುವುದು ಎರಡು ಚಿತ್ರಗಳ ನಡುವಣ ವ್ಯತ್ಯಾಸವನ್ನು, ಅದೂ ಒಂದೇ ಬಗೆಯ ಯಂತ್ರದಿಂದ ಒಂದೇ ರೀತಿಯಲ್ಲಿ ತೆಗೆದವುಗಳ ನಡುವೆ. ಆರು ತಿಂಗಳ ಹಿಂದಿನ ಸಿ.ಡಿ. ಕಾಪುವಿನ ಮನೆಯ ಕಪಾಟಿನಲ್ಲಿಯೇ ಉಳಿದರೆ, ಗೆಡ್ಡೆ ಎರಡು ಮಿಲಿಮೀಟರು ಬೆಳೆದಿದೆಯೋ ಇದ್ದಷ್ಟೇ ಇದೆಯೋ ಎಂಬುದನ್ನು ಮಣಿಪಾಲದಲ್ಲಿ ಕುಳಿತ ವೈದ್ಯರು ಹೇಳುವುದು ಹೇಗೆ?